ಕುರಿಮಂದೆಯ ನಡುವೆ ಒಂದು ಚೌಕಶಿ

ಸಂಕ್ರಾಂತಿ ಕಳೆದ ಮೇಲೆ ನಿಲಂಗಾ ತಹಶೀಲ ಕಚೇರಿಯಿಂದ ನನ್ನ ಕೈಗೆ ಬಂದ ಹುಕುಂ ತೀರ ಸಾದಾ ಇತ್ತು. ತಾಲೂಕಿನ ತೆಂಕಣ ಅಂಚಿಗೆ, ಉಮರ್ಗಾ ಕಡೆ ಮುಖ ಮಾಡಿದ ಒಂದು ಹಳ್ಳಿ. ಅಲ್ಲಿಯ ಗಾಯರಾಣದಲ್ಲಿ, ಅಂದರೆ ಊರ ದನಕರು ಮೇಯಲು ಬಿಟ್ಟ ಸರಕಾರಿ ಜಮೀನಿನಲ್ಲಿ, ಒಂದು ಭಾಗವನ್ನು ಅಳೆದು ಭೂಮಿ ಇಲ್ಲದ ಕುಟುಂಬಗಳಿಗೆ ಹಂಚಲು ಸಿದ್ಧಮಾಡಬೇಕು. ಜಾಹೀರನಾಮೆ ಅಂಟಿಸಿ ಆಗಿದೆ, ತಕರಾರು ಹೇಳುವ ಮುದ್ದತು ಮುಗಿದಿದೆ, ಯಾರೂ ತಕರಾರು ತಂದಿಲ್ಲ. ಇನ್ನು ನಾನು ಹೋಗಿ ಸರಪಳಿ ಹಾಕಿ ಅಳೆದು, ಪಂಚನಾಮೆ ಬರೆದು, ನಕಾಶೆ ಮಾಡಿ ಕೊಟ್ಟರೆ ಮುಗಿಯಿತು. ಹೋಳಿ ಹುಣ್ಣಿವೆಗೆ ಮುಂಚೆ ನಮ್ಮ ಕ್ಷೇತ್ರದ ವಿಧಾನಸಭಾ ಸದಸ್ಯರು ಸ್ವತಃ ಬಂದು ಪಟ್ಟಾ ಕೊಡುವವರಿದ್ದರು.

ನಾನು ಆಗ ಗಿರ್ದಾವರ. ಹತ್ತಾರು ಹಳ್ಳಿಗಳ ಹೊಲ, ಬೆಳೆ, ಗಡಿಕಲ್ಲು ನೋಡಿಕೊಳ್ಳುವ ಕಂದಾಯದ ನೌಕರ. ಗುಂಜೋಟಿಯವನು, ಮನೆಮಾತು ಕನ್ನಡ, ಕಲಿತದ್ದು ಉರ್ದು, ಬರೆದದ್ದು ಆ ಕಾಲಕ್ಕೆ ಸರಕಾರ ಯಾವುದನ್ನು ಕೇಳಿತೋ ಅದು. ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ನಿಗೆ ಮುಂಚೆಯೇ ನೌಕರಿಗೆ ಸೇರಿದ್ದೆ. ಹಾಗಾಗಿ ಜಾಗೀರದಾರರ ಕಾಲದ ಕಾರಭಾರವನ್ನೂ ನೋಡಿದ್ದೆ. ಆಗ ಮೇಲಿನಿಂದ ಒಂದು ಮಾತು ಬಂದರೆ ಸಂಜೆಯೊಳಗೆ ಕೆಲಸ ಆಗುತ್ತಿತ್ತು. ಯಾರನ್ನೂ ಕೇಳುವ ಪ್ರಮೇಯವೇ ಇರಲಿಲ್ಲ. ಹೊಸ ಸರಕಾರದಲ್ಲಿ ಪ್ರತಿಯೊಂದಕ್ಕೂ ಜಾಹೀರನಾಮೆ, ತಕರಾರು, ಚೌಕಶಿ ಎಂಬ ವಿಚಾರಣೆ. ಇದೆಲ್ಲ ಯಾಕೆಂದು ಬೇಸತ್ತ ನೌಕರರು ನಮ್ಮಲ್ಲಿ ಬಹಳ ಜನ ಇದ್ದರು. ಒಮ್ಮೊಮ್ಮೆ ನಾನೂ ಅವರಲ್ಲಿ ಒಬ್ಬನಾಗುತ್ತಿದ್ದೆ.

ಅಳತೆಯ ದಿನ ಬೆಳಿಗ್ಗೆ ಗಾಯರಾಣಕ್ಕೆ ಹೋದಾಗ ಪಟ್ಟಾ ಸಿಗಲಿರುವ ಕುಟುಂಬಗಳೆಲ್ಲ ಬಂದು ನಿಂತಿದ್ದವು. ಮದುವೆಯ ದಿಬ್ಬಣದ ಹಾಗೆ ಎಲ್ಲರ ಮುಖದಲ್ಲೂ ಕಳೆ. ಅವರಲ್ಲಿ ಒಬ್ಬ ಸಾಲಗಡಿ ನನ್ನ ಬೆನ್ನು ಬಿಡಲಿಲ್ಲ. ಸಾಲಗಡಿ ಅಂದರೆ ವರ್ಷದ ಕರಾರಿನ ಮೇಲೆ ಒಬ್ಬರ ಮನೆಯಲ್ಲಿ ದುಡಿಯುವ ಆಳು. ಅವನ ಅಪ್ಪ, ಅಜ್ಜ ಎಲ್ಲರೂ ಹಾಗೆಯೇ ದುಡಿದವರು. ಎತ್ತಿನ ಹಾಗೆ ಗಟ್ಟಿಮುಟ್ಟಾದ ಆಳು. ಸರಪಳಿಯ ಒಂದು ತುದಿ ತಾನೇ ಹಿಡಿಯುತ್ತೇನೆಂದು ಹಟ ಹಿಡಿದ.

"ಸಾಹೇಬರ, ಸರಪಳಿ ಜರಾ ಸಡಲ ಬಿಡಲೇನ್ರಿ? ಒಂದೆರಡು ಮಾರು ಹೆಚ್ಚಿಗಿ ಬರ್ತದ" ಎಂದು ಕಣ್ಣು ಹೊಡೆದ.

"ಬಿಗಿ ಹಿಡಿ. ಸಡಲ ಬಿಟ್ಟರ ಹೆಚ್ಚಿಗಿ ಬರಂಗಿಲ್ಲೋ ಮಾರಾಯ, ನಿನ್ನ ಪಾಲಿಗೇ ಕಡಿಮಿ ಬೀಳ್ತದ" ಎಂದೆ. ಅಲ್ಲಿದ್ದವರೆಲ್ಲ ನಕ್ಕರು.

ಊರ ಪಾಟೀಲರು ಛತ್ರಿ ಊರಿಕೊಂಡು ನಿಂತಿದ್ದರು. ಪಡುವಣ ಇಳಿಜಾರಿನಲ್ಲಿ ಅಳೆಯಿರಿ ಎಂದು ಜಾಗ ತೋರಿಸಿದವರು ಅವರೇ. ಹುಕುಮಿನಲ್ಲಿಯೂ ಅದೇ ಜಾಗ ಇತ್ತು. ಗೂಟ ಹೊಡೆದು, ಬಾವುಟದ ಕೋಲು ನಿಲ್ಲಿಸಿ ಎರಡನೆಯ ಸಾಲು ಎಳೆಯುತ್ತಿದ್ದೆವು. ಅಷ್ಟರಲ್ಲಿ ಸರಪಳಿ ಜಗ್ಗಿದರೆ ಬರಲೊಲ್ಲದು. ತಿರುಗಿ ನೋಡಿದರೆ ನಡುವಯಸ್ಸಿನ ಒಬ್ಬ ಹೆಣ್ಣುಮಗಳು ಸರಪಳಿಯ ಮೇಲೆ ಕೂತುಬಿಟ್ಟಿದ್ದಳು. ಹೆಗಲ ಮೇಲೆ ಕಂಬಳಿ, ಹಣೆಯಲ್ಲಿ ಭಂಡಾರ. ಗಾಯರಾಣದ ಆಚೆ ಬದಿಗೆ ಬೀರಪ್ಪನ ಒಕ್ಕಲಿನ ಕುರುಬರ ವಾಡಿ, ಸಣ್ಣದೊಂದು ಹಟ್ಟಿ, ಇತ್ತು. ಅಲ್ಲಿಂದ ಬಂದಿದ್ದಳು.

"ಏನ ಅಳೀಲಾಕ ಹತ್ತೀರಿ ಸಾಹೇಬರ?"

"ಗಾಯರಾಣ ಅವ್ವಾ. ಸರಕಾರದ ಹುಕುಂ ಅದ. ಇವರಿಗೆಲ್ಲ ಹೊಲ ಕೊಡ್ತಾರ."

"ಕೊಡ್ಲಿ. ನಮ್ಮ ಕುರಿ ಹೊಂಡಕ್ಕ ನೀರಿಗಿ ಹೋಗೂ ಹಾದಿ ಇದೇ ಅದ. ಇಲ್ಲಿ ಹೊಲ ಆದರ ಕುರಿ ಹಾರಿ ಹೋಗಬೇಕೇನ್ರಿ?"

"ಜಾಹೀರನಾಮೆ ಆಗ್ಯಾದವ್ವ. ತಕರಾರು ಇದ್ದರ ಆಗ ಹೇಳಬೇಕಾಗಿತ್ತು."

"ಯಾರಿಗಿ ಆಗ್ಯಾದ್ರಿ? ನಮ್ಮ ವಾಡಿಗಿ ಯಾರ ಬಂದಾರ? ದೀಪಾವಳಿ ಆದಮ್ಯಾಲ ಗಂಡಸರೆಲ್ಲ ಕುರಿ ಹೊಡಕೊಂಡು ಉದಗೀರ ಬಾಜೂ ಹೋಗ್ಯಾರ. ಬ್ಯಾಸಗಿಗಿ ಬರೋರು. ವಾಡ್ಯಾಗ ನಾ ಇದೀನಿ, ಮುದುಕರು ಇದ್ದಾರ."

ಪಾಟೀಲರು, "ಏಳವ್ವಾ, ಸರಕಾರಿ ಕೆಲಸ ನಡದದ" ಎಂದು ಗದರಿದರು. ಆಕೆ ಏಳಲಿಲ್ಲ. ನನ್ನ ಮುಖ ನೋಡಿಯೇ ಹೇಳಿದಳು:

"ವೋಟ ಇದ್ದಾಗೂ ಅವರು ಅಲ್ಲೇ ಇದ್ರರಿ. ಗಾಡಿ ಕಟ್ಟಿ, ಹುಡುಕ್ಯಾಡಿ, ಒಬ್ಬೊಬ್ಬರಿಗಿ ಕರಕೊಂಡು ಬಂದ್ರು. ಆಗ ಅವರು ಎಲ್ಲಿದ್ದಾರ ಅಂತ ಎಲ್ಲರಿಗಿ ಗೊತ್ತಿತ್ತು. ಈಗ ಜಮೀನ ಹೋಗೂ ಯಾಳ್ಯಾಕ ಯಾರಿಗೂ ಗೊತ್ತಿಲ್ಲೇನ್ರಿ?"

ಡಂಗುರ ಸಾರಿದ ತಳವಾರ ಅಲ್ಲೇ ನಿಂತಿದ್ದ. ವಾಡಿಯಲ್ಲಿ ಡಂಗುರ ಹೊಡೆದೆಯಾ ಎಂದು ಕೇಳಿದೆ. ಅವನು ಪಾಟೀಲರ ಕಡೆ ಒಮ್ಮೆ ನೋಡಿ, "ಗಂಡಸರೇ ಇಲ್ಲ ಅಂದಮ್ಯಾಲ ಯಾರಿಗಿ ಹೊಡೀಬೇಕ್ರಿ? ಊರಾಗ ಹೊಡದೀನಿ" ಎಂದ. ಸುಳ್ಳು ಹೇಳಲಿಲ್ಲ, ಪುಣ್ಯಾತ್ಮ.

ಕಾಯದೆ ಹಿಡಿದು ನೋಡಿದರೆ ನಾನು ಮುಂದುವರಿಯಬಹುದಿತ್ತು. ಚಾವಡಿಯ ಗೋಡೆಗೆ ಕಾಗದ ಅಂಟಿಸಿತ್ತು, ಊರಲ್ಲಿ ಡಂಗುರ ಆಗಿತ್ತು, ಮುದ್ದತು ಮುಗಿದಿತ್ತು. ಆದರೆ ಗಾಯರಾಣವನ್ನು ವರ್ಷವರ್ಷ ಬಳಸುವವರಿಗೇ ಸುದ್ದಿ ಮುಟ್ಟಿರಲಿಲ್ಲ. ಮುಟ್ಟದ ಸುದ್ದಿಗೆ ಉತ್ತರ ಬರಲಿಲ್ಲವೆಂದು ಹೇಗೆ ಬರೆಯುವುದು? ಸರಪಳಿ ಸುತ್ತಿಸಿದೆ. "ವಾಡಿಯಲ್ಲಿ ಜಾಹೀರನಾಮೆ ಆಗಿಲ್ಲ, ಅಳತೆ ತಡೆಹಿಡಿದಿದೆ" ಎಂದು ಪಂಚರ ಎದುರಿಗೆ ಬರೆದೆ.

ದಿಬ್ಬಣದ ಕಳೆ ಒಮ್ಮೆಲೇ ಇಳಿದುಹೋಯಿತು. ಸಾಲಗಡಿ ಸರಪಳಿಯ ತುದಿಯನ್ನು ನನ್ನ ಕಾಲ ಬುಡದಲ್ಲಿ ಇಟ್ಟು, "ಮಿರಗಾ ಮಳಿ ನಿಮ್ಮ ಕಾಗದಕ್ಕ ಕಾಯಂಗಿಲ್ಲರಿ ಸಾಹೇಬರ" ಎಂದು ಹೇಳಿ ಹೊರಟುಬಿಟ್ಟ. ಅವನ ಮಾತೂ ಖರೆಯೇ ಇತ್ತು. ಮೃಗಶಿರೆಯ ಬಿತ್ತನೆಯೊಳಗೆ ಪಟ್ಟಾ ಸಿಗದಿದ್ದರೆ ಅವನು ಮತ್ತೊಂದು ವರ್ಷ ಮಾಲಕರ ಮನೆಯಲ್ಲಿ ದುಡಿಯಲೇಬೇಕಿತ್ತು.

ಮರುದಿನ ನಿಲಂಗಾಕ್ಕೆ ಹೋದೆ. ತಹಶೀಲದಾರರು ಹೈದರಾಬಾದ ಶಹರದವರು. ಉರ್ದು, ಇಂಗ್ಲಿಷು ಬಿಟ್ಟರೆ ಬೇರೆ ಭಾಷೆ ಬಾರದು. ಸಂಯಮದ ಮನುಷ್ಯ, ಎಂದೂ ದನಿ ಏರಿಸಿದವರಲ್ಲ. ನನ್ನ ದುರ್ದೈವಕ್ಕೋ ಸುದೈವಕ್ಕೋ, ವಿಧಾನಸಭಾ ಸದಸ್ಯರೂ ಅಲ್ಲೇ ಕೂತಿದ್ದರು. ಅವರು ನಿಜಾಮರ ವಿರುದ್ಧದ ಚಳವಳಿಯಲ್ಲಿ ಜೇಲು ಕಂಡವರು. ನಮ್ಮ ಕಡೆಯ ಒಕ್ಕಲುತನದ ಶಿವಭಕ್ತರ ಮನೆತನ, ಖಾದಿ ಅಂಗಿ, ಜನರಲ್ಲಿ ಒಳ್ಳೆಯ ಹೆಸರು. ಊರವರು ಅಣ್ಣಾರು ಎಂದು ಕರೆಯುತ್ತಿದ್ದರು. ಸುದ್ದಿ ನನಗಿಂತ ಮುಂಚೆ ಅಲ್ಲಿಗೆ ಮುಟ್ಟಿತ್ತು.

"ಗಿರ್ದಾವರ, ನಾ ಮಂದಿ ಮುಂದ ನಿಂತು ಮಾತು ಕೊಟ್ಟೀನಿ" ಎಂದರು. "ಬಡವರಿಗಿ ಭೂಮಿ ಕೊಡ್ತೀನಿ ಅಂದೀನಿ. ಅದಕ್ಕೇ ಮಂದಿ ವೋಟ ಹಾಕ್ಯಾರ. ನಡುವ ನೀವು ಯಾರು ತಡಿಲಾಕ? ನಿಜಾಮ ಹೋದರೂ ನಿಜಾಮನ ದಫ್ತರದ ಚಾಳಿ ಹೋಗಲಿಲ್ಲ ನೋಡ್ರಿ."

ಎದೆಗೆ ತಾಗಿತು. ಹತ್ತಿರ ಇದ್ದ ಗುಮಾಸ್ತ ಪೇಷ್ಕಾರ ತಲೆ ತಗ್ಗಿಸಿ ಕಾಗದ ತಿರುವತೊಡಗಿದ. ನಾನು ಹೇಳಿದೆ:

"ಅಣ್ಣಾರ, ನಿಜಾಮರ ಕಾಲದಾಗಿದ್ದರ ನಿನ್ನಿಗೇ ಅಳದು ಮುಗಸ್ತಿದ್ದೆ. ಆಗ ವಾಡಿಯವರಿಗಿ ಕೇಳೂ ರಿವಾಜೇ ಇರಲಿಲ್ಲ. ಈಗ ಅದ ಅಂತ ನಿಂತೀನಿ. ಅವರ ವೋಟೂ ಬಿ ನಿಮ್ಮ ಪೆಟ್ಟಿಗ್ಯಾಗೇ ಬಿದ್ದಿರಬೇಕಲ್ಲರಿ?"

ತಹಶೀಲದಾರರು ಎಲ್ಲವನ್ನೂ ತರ್ಜುಮೆ ಮಾಡಿಸಿಕೊಂಡು ಕೇಳಿದರು. ಕನ್ನಡಕ ತೆಗೆದು ಒರೆಸಿದರು. "ನಿಮ್ಮ ರಪೋಟು ಸರಿ, ನಿಮ್ಮ ಸಮಯ ಸರಿಯಿಲ್ಲ" ಎಂದು ಉರ್ದುವಿನಲ್ಲಿ ಅಂದರು. ಕುರುಬರು ಬೇಸಿಗೆಗೆ ಮರಳಿ ಬರುವವರೆಗೆ ಕಾದರೆ ಅಳತೆ, ಮಂಜೂರಿ, ಪಟ್ಟಾ ಯಾವುದೂ ಬಿತ್ತನೆಯೊಳಗೆ ಮುಗಿಯುವುದಿಲ್ಲ. ಕಾಯದಿದ್ದರೆ ತಕರಾರು ಕೇಳಿದ ಹಾಗಾಗುವುದಿಲ್ಲ. ಹೋಳಿಯೊಳಗೆ ಎರಡೂ ಆಗಬೇಕು. ಹೇಗೆ ಎಂದು ನನ್ನನ್ನೇ ನೋಡಿದರು.

ಆ ಪ್ರಶ್ನೆಯನ್ನು ಹೊತ್ತುಕೊಂಡು ಕಚೇರಿಯ ಎದುರಿನ ಚಹದಂಗಡಿಯಲ್ಲಿ ಬಹಳ ಹೊತ್ತು ಕೂತೆ. ಗಾಡಿ ಕಟ್ಟಿ ಹುಡುಕಿ ತಂದರು ಎಂದಿದ್ದಳು ಆಕೆ. ಚಹ ಆರಿಹೋದ ಮೇಲೆ ಹೊಳೆಯಿತು: ಅವರನ್ನು ತರುವುದು ಯಾಕೆ? ಮಂದೆ ಬಿಟ್ಟು ಬರಲು ಅವರಿಗೆ ಆಗದು. ನಾನೇ ಹೋಗಬಹುದಲ್ಲ. ಎದ್ದು ಮತ್ತೆ ಸಾಹೇಬರ ಎದುರು ನಿಂತೆ. ಕುರಿ ಇರುವಲ್ಲಿಗೇ ಹೋಗಿ ಚೌಕಶಿ ಮಾಡುತ್ತೇನೆ, ಪರವಾನಗಿ ಕೊಡಿ ಎಂದೆ.

"ಬೇರೆ ತಾಲೂಕಿನಲ್ಲಿ, ಬಯಲಲ್ಲಿ ಚೌಕಶಿಯೆ? ಯಾವ ಕಾಯದೆಯಲ್ಲಿದೆ?"

"ಮಾಡಬಾರದೆಂದು ಯಾವುದರಲ್ಲೂ ಇಲ್ಲ ಸಾಹೇಬ್."

ಅವರು ನಕ್ಕದ್ದನ್ನು ಅಂದೇ ಮೊದಲ ಸಲ ನೋಡಿದೆ. ಉದಗೀರದ ತಹಶೀಲದಾರರಿಗೆ ತಿಳಿವಳಿಕೆಗೆಂದು ಎರಡು ಸಾಲು ಬರೆದುಕೊಟ್ಟರು.

ಒಂದು ಕಡೆಯವರ ಮಾತು ಇನ್ನೊಂದು ಕಡೆಯವರ ಎದುರಿಗೇ ಆಗಬೇಕೆಂಬುದು ಚೌಕಶಿಯ ರೀತಿ. ಪಟ್ಟಾ ಕೇಳಿದವರು ತಮ್ಮ ಪರವಾಗಿ ಸಾಲಗಡಿಯನ್ನು ಆರಿಸಿದರು. ಆದರೆ ಅವನಿಗೆ ಸುಗ್ಗಿಯ ಕಾಲದಲ್ಲಿ ಬಿಡುವು ಎಲ್ಲಿಯದು? "ಮಾಲಕರು ಬಿಡಂಗಿಲ್ಲರಿ" ಎಂದು ಕೈ ಚೆಲ್ಲಿದ. ಆಗ ಅವನ ಹೆಸರಿಗೆ ಸರಕಾರಿ ಸಮನ್ಸ್ ಬರೆದು, ಮೊಹರು ಹಾಕಿ, ತಳವಾರನ ಕೈಯಲ್ಲಿ ಮಾಲಕರ ಮನೆಗೇ ಕಳಿಸಿದೆ. ಹಾಜರಿರಲೇಬೇಕು ಎಂದು ಅದರಲ್ಲಿತ್ತು. ಮಾಲಕರು ಗೊಣಗಿಕೊಂಡು ಬಿಟ್ಟರು. ಸಾಲಗಡಿ ಆ ಕಾಗದವನ್ನು ಧೋತರದ ಗಂಟಿನಲ್ಲಿ ಕಟ್ಟಿಕೊಂಡು ಬಂದಾಗ ಅವನ ನಡಿಗೆಯೇ ಬದಲಾಗಿತ್ತು. ಸರಕಾರ ತನ್ನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಕುರುಬರ ಹೆಣ್ಣುಮಗಳೂ ಹೊರಟಳು. ಆಕೆಯ ಗಂಡನೇ ಮಂದೆಯ ಹಿರಿಯ. ಮೂವರೂ ಮೋಟಾರು ಹತ್ತಿ ಉದಗೀರಕ್ಕೆ ಇಳಿದೆವು. ದಾರಿಯುದ್ದಕ್ಕೂ ಅವರಿಬ್ಬರೂ ಒಂದು ಮಾತೂ ಆಡಲಿಲ್ಲ. ನಾನು ನಡುವೆ ಕೂತು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಬೀಳುತ್ತಿದ್ದೆ.

ಉದಗೀರದ ಕೋಟೆಯ ಆಚೆ, ಪ್ರತಿ ವರ್ಷ ಇಳಿಯುತ್ತಿದ್ದ ಹೊಲದಲ್ಲಿ ಮಂದೆ ಇರಲಿಲ್ಲ. ನೆಲದ ಮೇಲೆ ಒಣಗಿದ ಹಿಕ್ಕೆ, ಮೂರು ಕಲ್ಲಿನ ಒಲೆ ಮಾತ್ರ. ಹೊಲದ ಒಡೆಯ ಮರಾಠಿಯವನು. ಮೇವು ಮುಗಿಯಿತೆಂದು ದೇವಣಿ ಕಡೆ ಸರಿದುಹೋದರೆಂದ. ಬಿಸಿಲಲ್ಲಿ ನಡೆಯತೊಡಗಿದೆವು. ಕೇಳಿದವರೆಲ್ಲ "ಪುಢಂ ಗೇಲೆ", ಮುಂದೆ ಹೋದರು, ಎಂದು ಕೈ ತೋರಿಸುತ್ತಿದ್ದರು. ನನ್ನ ಬೂಟಿನ ಅಡಿ ಕಿತ್ತುಹೋಯಿತು. ಸಾಲಗಡಿ ಒಂದು ಗೋಣಿದಾರ ಹುಡುಕಿ ಬಿಗಿದು ಕಟ್ಟಿಕೊಟ್ಟ. ಸಂಜೆಗೆ ಒಂದು ಹಳ್ಳಿಯ ಚಾವಡಿಯಲ್ಲಿ ಉಳಿದೆವು. ಮರುದಿನವೂ ಸಿಗದಿದ್ದರೆ ತಿರುಗಿ ಹೋಗಿ ಸಾಹೇಬರಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತಿದ್ದೆ.

ಬೆಳಿಗ್ಗೆ ಸಿಕ್ಕಿತು ಮಂದೆ. ಕೊಯ್ದು ಬಿಟ್ಟ ಜೋಳದ ಹೊಲದಲ್ಲಿ ಕರಿ ಕಂಬಳಿ ಹಾಸಿದ ಹಾಗೆ ಕುರಿಗಳು. ಬುಟ್ಟಿಯಡಿ ಮುಚ್ಚಿಟ್ಟ ಮರಿಗಳ ಒದರಾಟ. ಎರಡು ನಾಯಿ ನಮ್ಮ ಮೇಲೆ ಏರಿ ಬಂದವು. ಆಕೆ ಒಮ್ಮೆ ಗದರಿದ್ದೇ ಬಾಲ ಅಲ್ಲಾಡಿಸಿದವು. ಆಕೆಯ ಗಂಡ ಎತ್ತರದ ಆಳು, ಮೆಲುಮಾತಿನವನು. ಹೆಂಡತಿಯನ್ನು ನೋಡಿ ಗಾಬರಿಯಾಗಿ, "ಯಾರಿಗಿ ಏನಾಗ್ಯಾದ?" ಎಂದ.

"ಯಾರಿಗೂ ಏನೂ ಆಗಿಲ್ಲ. ಸರಕಾರ ಬಂದದ, ಕಂಬಳಿ ಹಾಸು" ಎಂದಳು.

ಹಾಸಿದ ಕಂಬಳಿಯ ಮೇಲೆ ಕೂತು ಹುಕುಮನ್ನು ಮೊದಲಿಂದ ಕೊನೆಯವರೆಗೆ ಕನ್ನಡದಲ್ಲಿ ಹೇಳಿದೆ. ಯಾರಿಗೆ, ಎಲ್ಲಿ, ಯಾಕೆ ಕೊಡುತ್ತಾರೆಂದು ಬಿಡಿಸಿ ಹೇಳಿದೆ. ಒಬ್ಬೊಬ್ಬರೇ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡು, ತಿರುಗಿ ಓದಿ ಕೇಳಿಸಿ, ಹೌದೆಂದ ಮೇಲೆ ಹೆಬ್ಬೆಟ್ಟು ಒತ್ತಿಸಿದೆ. ಕಚೇರಿಗೆ ಬೇಕಾದ ತರ್ಜುಮೆ ಆಮೇಲೆ ಮಾಡಿಕೊಂಡರಾಯಿತು. ಅದುವರೆಗೆ ಎಲ್ಲ ಶಾಂತವಾಗಿತ್ತು. ಸಾಲಗಡಿಯ ಸರದಿ ಬಂದಾಗ ಹೊತ್ತಿಕೊಂಡಿತು.

"ವರ್ಷದಾಗ ಅರ್ಧ ನೀವು ಊರಾಗೇ ಇರಂಗಿಲ್ಲ. ಗಾಯರಾಣ ಖಾಲಿ ಬಿದ್ದಿರ್ತದ" ಎಂದ ಅವನು. "ನಾ ಹುಟ್ಟಿದಾಗಿಂದ ಮಂದಿ ಹೊಲದಾಗ ದುಡದೀನಿ. ನನಗ ಒಂದು ತುಂಡು ಬ್ಯಾಡೇನು?"

"ಖಾಲಿ ಅಂತ ನೀ ಅಂತಿ. ಹುಲ್ಲು ಏಳಲಿ ಅಂತ ಬಿಟ್ಟು ಹೋಗಿರ್ತೀವಿ ನಾವು" ಎಂದ ಗಂಡ. "ಬ್ಯಾಸಗ್ಯಾಗ ಎಲ್ಲಾ ಕಡಿ ಸುಟ್ಟಮ್ಯಾಲ ಅದೊಂದೇ ಉಳಿತದ. ಪಡುವಣ ಮಗ್ಗಲಾ ಮುಚ್ಚಿದರ ಹೊಂಡದ ನೀರು ಕಣ್ಣಿಗಿ ಕಾಣತಿರ್ತದ, ಕುರಿ ಬಾಯಿಗಿ ಸಿಗಂಗಿಲ್ಲ."

"ಕುರಿಗಿ ನೀರು, ನಮಗ ಮಣ್ಣು. ಹಿಂಗೇ ಸಾಯೂಣೇನು?"

ಇಬ್ಬರೂ ಎದ್ದು ನಿಂತರು. ನಾನು ನಕಾಶೆ ಬಿಚ್ಚಿ ಇಬ್ಬರ ನಡುವೆ ಹಾಸಿದೆ. ಅದು ಯಾರಿಗೂ ಅರ್ಥವಾಗಲಿಲ್ಲ. ಆಗ ಹೆಣ್ಣುಮಗಳು ಕೂತಲ್ಲೇ ನೆಲ ಸವರಿ, ಒಂದು ಕಲ್ಲಿಟ್ಟು "ಇದು ವಾಡಿ" ಎಂದಳು. ಇನ್ನೊಂದಿಟ್ಟು "ಇದು ಊರು". ತಂಬಿಗೆಯಿಂದ ಒಂದು ಗುಟುಕು ನೀರು ಸುರಿದು "ಇದು ಹೊಂಡ". ಹಿಕ್ಕೆ ಒಂದೊಂದೇ ಜೋಡಿಸಿ ಹಾದಿ ಮಾಡಿದಳು. ಸಾಲಗಡಿ ಕುಕ್ಕರಗಾಲಲ್ಲಿ ಕೂತು ತನಗೆ ಸಿಗಲಿದ್ದ ಜಾಗವನ್ನು ಬೆರಳಿಂದ ಗೀರಿದ. ಹಾದಿಯ ಹಿಕ್ಕೆಗಳು ಚದುರಿಹೋದವು. ಅವನು ಬೆರಳು ಹಿಂದೆಳೆದುಕೊಂಡ.

ಗಂಡ ಆ ಗೀರು ನೋಡಿ ಕೇಳಿದ: "ಪಡುವಣದಾಗ ಬರೇ ಗರಸು ಮಣ್ಣು ಅದ. ನಿನಗ ಅಲ್ಲೇ ಯಾಕ ಕೊಡ್ತಾರ? ಮೂಡಲ ಮಗ್ಗಲಾ ಮಣ್ಣು ಚಲೋ ಅದಲ್ಲ?"

"ಮೂಡಲದಾಗ ಜಾಗಾ ಸಾಲಂಗಿಲ್ಲಂತ. ಪಾಟೀಲರು ಹೇಳ್ಯಾರ."

"ಹೆಂಗ ಸಾಲತದ? ಅವರ ಬೇಲಿ ವರ್ಷಾ ವರ್ಷಾ ನಡಕೋತ ಬರ್ತದ" ಎಂದಳು ಹೆಣ್ಣುಮಗಳು. ಮಂದೆಯವರೆಲ್ಲ ನಕ್ಕರು. ಸಾಲಗಡಿ ನಗಲಿಲ್ಲ, ನನ್ನ ಕಡೆ ತಿರುಗಿದ. ನನ್ನ ಪೆನ್ನು ನಿಂತಿತ್ತು. ಇದನ್ನು ಬರೆದುಕೊಳ್ಳಲೋ ಬೇಡವೋ ಎಂದು ಒಂದು ಗಳಿಗೆ ಅನ್ನಿಸಿದ್ದು ನಿಜ. ಬರೆದುಕೊಂಡೆ.

ಮಧ್ಯಾಹ್ನ ರೊಟ್ಟಿ, ಕುರಿ ಹಾಲಿನ ಗಿಣ್ಣ ಉಂಡೆವು. ಉಂಡು ಕೈ ತೊಳೆಯುವಾಗ ಗಂಡ ಸಾಲಗಡಿಗೆ ಹೇಳಿದ ಮಾತು ನನ್ನ ಕಿವಿಗೆ ಬಿತ್ತು: "ಮೂಡಲ ಮಗ್ಗಲಾ ಸಿಕ್ಕರ, ಬ್ಯಾಸಗಿಗಿ ಬಂದಾಗ ನಿನ್ನ ಹೊಲದಾಗ ನಾಕು ದಿನ ಮಂದೆ ಕೂಡಸ್ತೀವಿ. ಹೊಸಾ ಮಣ್ಣು, ಗೊಬ್ಬರ ಇಲ್ಲದ ಏಳಂಗಿಲ್ಲ. ಬೆಳದ ಮ್ಯಾಲ ಒಂದಿಷ್ಟು ಕಾಳು ಕೊಡು." ಚೌಕಶಿಯಲ್ಲಿ ಇಂಥ ಮಾತಿಗೆ ಜಾಗವಿಲ್ಲ. ಆದರೂ ನನ್ನ ಅರ್ಧ ಕೆಲಸ ಅಲ್ಲಿಯೇ ಮುಗಿದಿತ್ತು.

ಉಳಿದರ್ಧ ಕಠಿಣ ಇತ್ತು. ಊರಿಗೆ ಮರಳಿ, ಹಳೆಯ ಗಡಿಕಲ್ಲುಗಳನ್ನು ಹುಡುಕಿ ಮೂಡಲ ಬದಿಯಿಂದ ಅಳೆಯತೊಡಗಿದೆ. ಮೂಲ ನಕಾಶೆಯ ಪ್ರಕಾರ ಇರಬೇಕಾದ ಕಲ್ಲೊಂದು ಪಾಟೀಲರ ತೊಗರಿ ಹೊಲದ ನಡುವೆ, ಹೂತುಹೋದ ಸ್ಥಿತಿಯಲ್ಲಿ ಸಿಕ್ಕಿತು. ಅಲ್ಲಿಂದ ಬೇಲಿಯವರೆಗಿನ ಜಮೀನು ಪೂರಾ ಗಾಯರಾಣ. ಪಾಟೀಲರು ನನ್ನನ್ನು ಬದಿಗೆ ಕರೆದರು. ಸಿಟ್ಟು ಮಾಡಲಿಲ್ಲ, ಎಲೆ ಅಡಿಕೆ ಮುಂದೆ ಹಿಡಿದರು.

"ಗಿರ್ದಾವರ, ನೀವು ನಮ್ಮ ಮಾತಿನವರು ಇದೀರಿ. ನಿಲಂಗಾದಾಗ ಮನಿ ಮಾಡೀರಿ. ಖಾಲಿಪಿಲಿ ಬದಲಿ ಆಗಿ ಎಲ್ಲೋ ದೂರ ಹೋಗೂದು ಯಾಕ?"

ಎಲೆ ತೆಗೆದುಕೊಳ್ಳಲಿಲ್ಲ. "ಕಲ್ಲು ಎಲ್ಲಿ ಅದ ಅಂತ ಅಷ್ಟೇ ಬರೀತೀನ್ರಿ ಪಾಟೀಲರ. ಹೆಚ್ಚಿಗಿ ಒಂದು ಅಕ್ಷರ ಬರಿಯಂಗಿಲ್ಲ, ಕಡಿಮಿ ಬಿ ಬರಿಯಂಗಿಲ್ಲ" ಎಂದೆ. ಆ ರಾತ್ರಿಯೇ ರಪೋಟು ಬರೆಯಲು ಕೂತೆ. ನಮ್ಮಾಕೆ ಎರಡನೆಯ ಬಸುರಿ, ಬದಲಿಯಾದರೆ ಎಲ್ಲಿಗೆಂದು ಹೋಗುವುದು? ಹಾಗೆಂದು ಬರೆಯದೆ ಇರುವುದಕ್ಕೂ ಆಗಲಿಲ್ಲ. ಮೂಡಲ ಮಗ್ಗಲನ್ನು ಹಂಚಬಹುದು, ಪಡುವಣ ಮಗ್ಗಲನ್ನೂ ಹೊಂಡದ ಹಾದಿಯನ್ನೂ ಗಾಯರಾಣವಾಗಿಯೇ ಉಳಿಸಬೇಕು, ಒತ್ತುವರಿ ಬಿಡಿಸಬೇಕು. ಹೀಗೆ ಬರೆದು, ಹೆಬ್ಬೆಟ್ಟಿನ ಹೇಳಿಕೆಗಳನ್ನು ಜೋಡಿಸಿ ಕಳಿಸಿಕೊಟ್ಟೆ.

ಕೆಲವು ದಿನಗಳಲ್ಲಿ ತಹಶೀಲದಾರರ ಜೊತೆ ಸದಸ್ಯರೇ ಸ್ಥಳಕ್ಕೆ ಬಂದರು. ಪಾಟೀಲರು ಚುನಾವಣೆಯಲ್ಲಿ ಅವರಿಗಾಗಿ ಹಗಲಿರುಳು ಓಡಾಡಿದವರು, ದೂರದ ನೆಂಟಸ್ತನವೂ ಇತ್ತು. ಊರೆಲ್ಲ ಸೇರಿತ್ತು. ಸದಸ್ಯರು ಯಾರ ಜೊತೆಗೂ ಮಾತಾಡದೆ ನನ್ನ ಕೈಯಿಂದ ನಕಾಶೆ ತೆಗೆದುಕೊಂಡು, ಹಳೆಯ ಕಲ್ಲಿನಿಂದ ಬೇಲಿಯವರೆಗೆ ತೊಗರಿಯ ಕೂಳೆ ತುಳಿಯುತ್ತ ತಾವೇ ನಡೆದರು. ತಿರುಗಿ ನಡೆದು ಬಂದರು. ಬೆವರು ಒರೆಸಿಕೊಂಡರು.

"ಕಾಕಾ, ಈ ಬೇಲಿ ಯಾವ ಕಾಲದ್ದರಿ?"

"ನಮ್ಮ ಅಪ್ಪನ ಕಾಲದ್ದು."

"ಹಂಗಿದ್ದರ ಜಾಗೀರದಾರನ ಕಾಲದ್ದು ಅನ್ರಿ." ಯಾರೋ ಹಿಂದಿನಿಂದ ನಕ್ಕರು. ಸದಸ್ಯರು ನಗಲಿಲ್ಲ. "ಅವನ ಹುಕುಂ ಹೋಗಬೇಕು ಅಂತ ನಾ ಜೇಲಿಗಿ ಹೋದೆ. ಅವನ ಬೇಲಿ ಉಳಸಿ ಮಂದಿ ಮುಂದ ಹೆಂಗ ನಿಲ್ಲಲಿ? ನೀವ ಹೇಳ್ರಿ."

ಪಾಟೀಲರು ಬಹಳ ಹೊತ್ತು ಛತ್ರಿಯ ತುದಿಯಿಂದ ನೆಲ ಕೆದಕಿದರು. ಕೊನೆಗೆ, "ತೊಗರಿ ರಾಶಿ ಆದಮ್ಯಾಲ ಸರಸ್ತೀನಿ" ಎಂದರು. ಆ ಮಾತು ಅಲ್ಲೇ ಪಂಚನಾಮೆಯಾಯಿತು. ಅವರು ಮತ್ತೆ ಎಂದೂ ನನ್ನೊಡನೆ ಸಲಿಗೆಯಿಂದ ಮಾತಾಡಲಿಲ್ಲ. ಎಲ್ಲರಿಗೂ ಬೇಕಾದಷ್ಟು ಸಿಕ್ಕಿತೆಂದೂ ಅಲ್ಲ. ಪಾಲು ಸಣ್ಣದಾಯಿತೆಂದು ಒಂದು ಮನೆಯವರು ಮುನಿಸಿಕೊಂಡರು. ವಾಡಿಯ ಮುದುಕನೊಬ್ಬ ಮೂಡಲದ ಹುಲ್ಲು ಹೋಯಿತೆಂದು ನನ್ನನ್ನು ಸಾಯುವತನಕ ಬಯ್ದ.

ಹೊರಡುವ ಮುಂಚೆ ಸದಸ್ಯರು ನನ್ನ ಹತ್ತಿರ ಬಂದು ನಿಂತರು.

"ಇನ್ನೊಮ್ಮಿ ಮಾತು ಕೊಡೂ ಮುಂಚೆ ನಿಮಗ ಕೇಳತೀನಿ ಗಿರ್ದಾವರ."

"ಹಂಗ ಮಾಡಬ್ಯಾಡ್ರಿ ಅಣ್ಣಾರ. ನೌಕರರಿಗಿ ಕೇಳಕೋತ ಕೂತರ ಒಂದು ಮಾತೂ ಕೊಡಾಕ ಆಗಂಗಿಲ್ಲ. ಮಾತು ನೀವ ಕೊಡ್ರಿ. ಅದು ಯಾವ ನೆಲದ ಮ್ಯಾಲ ನಿಲ್ತದ ಅಂತ ನೋಡೂದು ನಮ್ಮ ಕೆಲಸ."

ಅವರು ಭುಜದ ಮೇಲೆ ಕೈಯಿಟ್ಟು ಹೋದರು. ಬದಲಿಯ ಹುಕುಂ ಬರಲಿಲ್ಲ. ಮುಂದೆ ನಮ್ಮ ತಾಲೂಕು ಬೇರೆ ರಾಜ್ಯಕ್ಕೆ ಸೇರಿತು, ಕಚೇರಿಯ ಭಾಷೆ ಬದಲಾಯಿತು, ಸದಸ್ಯರು ಬಂದರು, ಹೋದರು. ನಾನು ಅನೇಕ ಚೌಕಶಿ ಮಾಡಿದೆ. ಆರಿಸಿ ಬಂದವರು ಜನರಿಗೆ ಏನು ಬೇಕೆಂದು ಗಟ್ಟಿಯಾಗಿ ಹೇಳುತ್ತಾರೆ. ಆ ಗದ್ದಲದಲ್ಲಿ ಯಾರ ಮಾತು ಕೇಳಿಸಲಿಲ್ಲವೆಂದು ಹೋಗಿ ನೋಡುವುದು ನಮ್ಮಂಥವರ ಪಾಲಿನ ಕೆಲಸ ಎಂದು ಆ ಮಾಗಿಯಲ್ಲಿ ನನಗೆ ತಿಳಿಯಿತು. ಅಷ್ಟು ತಿಳಿದದ್ದರಿಂದ ಮುಂದಿನ ನೌಕರಿ ಭಾರವೆನ್ನಿಸಲಿಲ್ಲ.

ಆ ವರ್ಷ ಹೋಳಿಗೆ ಮುಂಚೆ ಪಟ್ಟಾ ಹಂಚಿದರು. ತೊಗರಿ ರಾಶಿಯಾಗಿ ಬೇಲಿ ಸರಿಯಿತು. ಬೇಸಿಗೆಯಲ್ಲಿ ಮಂದೆ ಮರಳಿ ಬಂತು. ಕಲ್ಲು ನೆಡುವ ದಿನ ನಾನು ಹೋದಾಗ ಸಾಲಗಡಿಯ ತುಂಡಿನಲ್ಲಿ ಕುರಿ ಕೂತು ಎದ್ದ ಕಪ್ಪು ಗುರುತು ಇತ್ತು, ಗಾಳಿಯಲ್ಲಿ ಹಿಕ್ಕೆಯ ವಾಸನೆ. ನಾಲ್ಕು ಮೂಲೆಗೆ ಕಲ್ಲು ನೆಟ್ಟು, ಸುಣ್ಣ ಬಳಿದು, "ಇಲ್ಲಿಂದ ಇಲ್ಲಿತನಕ ನಿಂದು" ಎಂದು ತೋರಿಸಿದೆ. ಅವನು ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದು ಹೊಲದ ನಡುವೆ ನಿಂತ. ಎಷ್ಟು ಹೊತ್ತಾದರೂ ಅಲುಗಲಿಲ್ಲ. ಏನಾಯಿತೆಂದು ಹತ್ತಿರ ಹೋದೆ.

"ಸಾಹೇಬರ, ಏನು ಬಿತ್ತಬೇಕು ಅಂತ ಯಾರಿಗಿ ಕೇಳಬೇಕ್ರಿ?"

ಹಾಸ್ಯಕ್ಕೆ ಕೇಳುತ್ತಿದ್ದಾನೆಂದುಕೊಂಡೆ. ಅಲ್ಲ, ನಿಜವಾಗಿಯೇ ಕೇಳಿದ್ದ. ಹುಟ್ಟಿದಾಗಿಂದ ಪ್ರತಿ ಮಿರಗಕ್ಕೂ ಅಂಗಳದಲ್ಲಿ ನಿಂತು ಮಾಲಕರನ್ನು ಕೇಳಿ ಬಿತ್ತಿದವನು.

"ಯಾರಿಗೂ ಕೇಳಬ್ಯಾಡ" ಎಂದೆ. "ಇಲ್ಲಿ ನಾ ಬಿ ಯಾರೂ ಅಲ್ಲ, ಸರಕಾರ ಬಿ ಯಾರೂ ಅಲ್ಲ. ನಿನ್ನ ಹೊಲ, ನಿನ್ನ ಮರ್ಜಿ."

ಅವನು ರುಮಾಲು ಸುತ್ತಿಕೊಂಡು, ಬದುವಿನ ಮೇಲೆ ಕಲ್ಲು ಆರಿಸುತ್ತಿದ್ದ ಹೆಂಡತಿಯನ್ನು ಕೂಗಿದ: "ಏ, ಏನು ಬಿತ್ತೂಣ ಅಂತಿ?"

ಆಕೆ ಸೊಂಟಕ್ಕೆ ಕೈಯಿಟ್ಟು ಎದ್ದು ನಿಂತಳು. ಹೊಲವನ್ನು ಈ ತುದಿಯಿಂದ ಆ ತುದಿಯವರೆಗೆ ಅವಸರವಿಲ್ಲದೆ ನೋಡಿದಳು. "ಈ ವರ್ಷ ಹುರಳಿ" ಎಂದಳು. "ಮುಂದಿನ ವರ್ಷ ನೋಡೂಣು."